ಮೂರನೇ ದಿನದ ಕೈ

ಸುಗಟೂರು
೧೪-೯-೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಹೊಟ್ಟೆ ನೋವು ಮತ್ತೆ ಬಂತಾ? ಡಾಕ್ಟರು ಬೇಡ ಅಂದ ಮೇಲೂ ನೀನು ಕದ್ದು ಬೋಂಡ ತಿಂತಿದೀಯ ಅಂತ ನಿನ್ನ ಮಗ ಆಂಜಿ ಫೋನಲ್ಲಿ ಚಾಡಿ ಹೇಳಿದ. ಪಿತ್ತಕೋಶದಲ್ಲಿ ಕಲ್ಲಿಟ್ಕೊಂಡು ಎಣ್ಣೇಲಿ ಕರಿದಿದ್ದು ತಿನ್ನೋಳು ಇಡೀ ಮುಳಬಾಗಿಲು ತಾಲೂಕಲ್ಲಿ ನೀನೊಬ್ಬಳೇ ಇರಬೇಕು. ಆಪರೇಷನ್ ಆಗೋವರೆಗಾದ್ರೂ ಬಾಯಿ ಕಟ್ಟು ತಾಯಿ, ನಿನ್ನ ಕಾಲಿಗೆ ಬೀಳ್ತೀನಿ. ಎಡಗೈ ಬೆರಳು ಎರಡೂ ಈಗ ಎಷ್ಟು ಮಡಚುತ್ತೆ? ಹಿಚುಕೋಕೆ ಅಂತ ನಾನು ಕೊಟ್ಟ ಸ್ಪಂಜಿನ ಚೆಂಡು ಇನ್ನೂ ಇದೆಯಾ, ಇಲ್ಲಾ ಅದನ್ನೂ ಪಾತ್ರೆ ತಿಕ್ಕೋಕೆ ಹಾಕಿಬಿಟ್ಟೆಯಾ? ನಿನ್ನನ್ನ ನಂಬೋ ಹಾಗಿಲ್ಲ.

ಇಲ್ಲಿ ನಾವು ಚೆನ್ನಾಗಿದ್ದೀವಿ. ನಿನ್ನ ಅಳಿಯ ಮೂರ್ತಿಯವರಿಗೆ ಊಟ ನಿದ್ದೆ ಎರಡೂ ಇಲ್ಲ. ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದಿವೆ, ಸೊಪ್ಪು ಹಾಕಿದಷ್ಟೂ ತಿಂತವೆ. ಹುಳು ಮನೆ ಬಾಗಿಲಲ್ಲಿ ನಿಂತು ‘ಕಾಲು ತೊಳೆದ್ಯಾ, ಕೈ ತೊಳೆದ್ಯಾ’ ಅಂತ ನನ್ನನ್ನೂ ತಡೀತಾರೆ. ಮದುವೆಯಾದ ಮೇಲೆ ನನ್ನ ಮೇಲೆ ಅಷ್ಟು ಕಾಳಜಿ ತೋರಿಸಿದ್ದು ನಾನು ಕಂಡಿಲ್ಲ.

ಫೋನ್ ಇರೋವಾಗ ಇವಳು ಯಾಕೆ ಕಾಗದ ಬರೀತಾಳೆ ಅಂತ ಅನ್ಕೋಬೇಡ. ಫೋನಲ್ಲಿ ನಿನಗೆ ಅರ್ಧ ಕೇಳಲ್ಲ, ಕೂಗಿ ಹೇಳಿದ್ರೆ ‘ಯಾಕೆ ರೇಗ್ತೀಯ’ ಅಂತೀಯ. ಕಾಗದ ಆದ್ರೆ ಶ್ರೀವಾಣಿ ನಿಧಾನವಾಗಿ ಓದಿ ಹೇಳ್ತಾಳೆ. ನನ್ನ ಜೊತೆ ಮಾತು ಬಿಟ್ಟು ಹದಿನಾಲ್ಕು ತಿಂಗಳಾದ್ರೂ, ನನ್ನ ಕಾಗದ ಒಂದಕ್ಷರ ಬಿಡದೆ ಓದ್ತಾಳೆ ಅಂತ ನೀನೇ ಹೇಳಿದ್ದೀಯ. ತಮ್ಮನ ಹೆಂಡತಿ ಅನ್ನೋ ಮಾತು ಹಾಗಿರಲಿ, ನಿನಗೆ ಮಗಳಾಗಿ ನಾನು ಮಾಡದ್ದನ್ನೆಲ್ಲ ಅವಳು ಮಾಡ್ತಿದಾಳೆ. ನಿನಗೆ ಎರಡೂ ಕೈಯಲ್ಲಿ ಮುದ್ದೆ ಕಟ್ಟೋಕೆ ಆಗಲ್ಲ ಅಂತ ಅವಳೇ ಕಟ್ಟಿ ನಿನ್ನ ತಟ್ಟೆಗೆ ಹಾಕ್ತಾಳೆ. ಆಪರೇಷನ್ ದಿನ ನಮ್ಮ ಆಸ್ಪತ್ರೆಗೆ ಮಾತ್ರ ಬರಲ್ಲ ಅಂದಳಂತೆ. ‘ನಿಮ್ಮಕ್ಕ ಇರ್ತಾರಲ್ಲ, ನಾನ್ಯಾಕೆ’ ಅಂತ ಆಂಜಿಗೆ ಹೇಳಿದಳಂತೆ. ಅವಳು ಹಾಗೆ ಅಂದಿದ್ದರಲ್ಲಿ ತಪ್ಪಿಲ್ಲ.

ಕಳೆದ ವರ್ಷ ಆಷಾಢದ್ದು ಎತ್ತುತೀನಿ, ಬೈಬೇಡ. ಅವತ್ತು ನಿನಗೆ ವಾಂತಿ ಭೇದಿ ಆಗಿ ಕಣ್ಣು ಒಳಗೆ ಹೋಗಿತ್ತು. ನಾನು ಗ್ಲೂಕೋಸ್ ಬಾಟಲಿ ಬ್ಯಾಗಲ್ಲಿ ಇಟ್ಕೊಂಡು ತಾಯಲೂರಿಗೆ ಓಡಿ ಬಂದೆ. ಕಿಟಕಿ ಸರಳಿಗೆ ಬಾಟಲಿ ಕಟ್ಟಿ, ನಿನ್ನ ಎಡಗೈಗೆ ಒಂದೇ ಸಲಕ್ಕೆ ಸೂಜಿ ಹಾಕಿದೆ. ಮತ್ತೆ ಬೇಕಾಗಬಹುದು ಅಂತ ಸೂಜಿಯನ್ನ ಕೈಯಲ್ಲೇ ಬಿಟ್ಟು ಪ್ಲಾಸ್ಟರ್ ಅಂಟಿಸಿ ಡ್ಯೂಟಿಗೆ ಹೋದೆ. ಮೂರನೇ ದಿನ ಬಂದು ನೋಡ್ತೀನಿ, ಕೈ ಬಾತು ಕೆಂಪಗಾಗಿದೆ, ಅದರ ಮೇಲೆ ಬಿಸಿ ಮಾಡಿದ ಹರಳೆಲೆ ಕಟ್ಟಿದೆ. ಕಟ್ಟಿದ್ದು ಶ್ರೀವಾಣಿ. ನನಗೆ ಬಂತಲ್ಲ ಕೋಪ! ಎದುರು ಮನೆ ಅಶ್ವತ್ಥಮ್ಮ ಹಾಲಿನ ಕ್ಯಾನ್ ಹಿಡ್ಕೊಂಡು ನಿಂತಿದ್ದಳು, ಅವಳ ಮುಂದೇನೇ ಬಾಯಿಗೆ ಬಂದ ಹಾಗೆ ಬೈದೆ. ‘ನನ್ನ ಕೈಯಲ್ಲಿ ಸೂಜಿ ಹಾಕಿಸ್ಕೊಂಡೋರಿಗೆ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಿಗೂ ಕೀವಾಗಿಲ್ಲ. ನಿನ್ನ ಹಾಳು ಸೊಪ್ಪು ಸದೆ ಕಟ್ಟಿ ನಮ್ಮಮ್ಮನ ಕೈ ತಿಂದುಬಿಟ್ಟೆಯಲ್ಲೇ’ ಅಂದೆ. ಅವಳು ಹೇಳಿದ್ದು ಒಂದೇ ಮಾತು, ‘ಎಲೆ ಕಟ್ಟೋಕೆ ಮುಂಚೇನೇ ಬಾತಿತ್ತು ವದಿನಾ.’ ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಕೈ ಕೊಯ್ದು ಕೀವು ತೆಗೆದರು, ನಿನ್ನ ಬೆರಳು ಎರಡು ಮಡಚದೆ ಉಳೀತು. ಅತ್ತೆ ಕೈ ಕೆಡಿಸಿದ ಸೊಸೆ ಅಂತ ಬೀದಿಯಲ್ಲೆಲ್ಲ ಹೆಸರಾಯ್ತು. ಆ ಹೆಸರು ಕೊಟ್ಟವಳು ನಾನೇ. ಅವತ್ತಿಂದ ಅವಳು ತನ್ನ ತೆಲುಗಲ್ಲಿ ನನ್ನನ್ನ ವದಿನಾ, ಅತ್ತಿಗೆ, ಅಂತ ಕರೆದದ್ದು ನಾನು ಕೇಳಿಲ್ಲ.

ಈಗ ನಮ್ಮ ಆಸ್ಪತ್ರೆ ಸಮಾಚಾರ ಕೇಳು. ಸ್ವಲ್ಪ ಉದ್ದ ಇದೆ. ಬೇಕಾದ್ರೆ ಮಧ್ಯದಲ್ಲಿ ಎದ್ದು ಒಂದು ಲೋಟ ಮಜ್ಜಿಗೆ ಕುಡಿ.

ನಮ್ಮ ದೊಡ್ಡ ಡಾಕ್ಟರು ಅಮರನಾಥ್ ಅವರು ಈ ವರ್ಷ ಒಂದು ಹೊಸ ಪದ್ಧತಿ ತಂದ್ರು. ದೊಡ್ಡ ಆಪರೇಷನ್ ಬಗ್ಗೆ ಎಲ್ಲರೂ ಹುಷಾರಾಗಿರ್ತೀರ, ದಿನಾ ನೂರು ಸಲ ಮಾಡೋ ಕೆಲಸದ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಅದನ್ನ ನೋಡೋಣ ಅಂದ್ರು. ಗಾಯಕ್ಕೆ ಡ್ರೆಸಿಂಗ್ ಮಾಡೋದು, ಬಿಪಿ ನೋಡೋದು, ಡ್ರಿಪ್ ಸೂಜಿ ಹಾಕೋದು, ಇಂಥವು. ಯಾರು ಹೇಗೆ ಮಾಡ್ತಾರೆ, ಆಮೇಲೆ ರೋಗಿಗೆ ಏನಾಗುತ್ತೆ ಅಂತ ಬರೆದಿಡೋದು, ತಿಂಗಳ ಕೊನೇ ಶನಿವಾರ ಎಲ್ಲರೂ ಕೂತು ಓದೋದು. ಅದಕ್ಕೆ ಆಡಿಟ್ ಅಂತ ಹೆಸರು. ಬರೆಯೋ ಕೆಲಸಕ್ಕೆ ತೇಜಸ್ವಿನಿ ಅಂತ ಒಬ್ಬಳನ್ನ ಹಾಕಿದ್ರು, ಮಾಸ್ತಿ ಕಡೆಯ ಹುಡುಗಿ, ಕಡ್ಡಿ ಹಾಗಿದಾಳೆ, ಮೂಗಿನ ಮೇಲೆ ಕನ್ನಡಕ. ಅವಳು ಹಲಗೆಗೆ ಕಾಗದ ಸಿಕ್ಕಿಸ್ಕೊಂಡು ವಾರ್ಡಲ್ಲಿ ಓಡಾಡೋದು ನೋಡಿ ನಾನು ‘ಜನಗಣತಿಯವಳು ಬಂದಳು’ ಅಂತ ಎಲ್ಲರನ್ನೂ ನಗಿಸ್ತಿದ್ದೆ.

ಏಪ್ರಿಲ್ ತಿಂಗಳು ಡ್ರಿಪ್ ಸೂಜಿದು ಬಂತು. ಅಯ್ಯೋ, ನನ್ನ ಜಂಭ ನೋಡಬೇಕಿತ್ತು ನೀನು. ಸೂಜಿ ಅಂದ್ರೆ ಸರಳಾ ಸಿಸ್ಟರ್ ಅಂತ ಊರೂರಲ್ಲಿ ಮಾತು. ನರ ಸಿಗದೆ ಇದ್ದೋರಿಗೂ ನಾನು ಒಂದೇ ಸಲಕ್ಕೆ ಹಾಕ್ತೀನಿ. ಕೈಗುಣ ಅಂತಾರೆ ಜನ. ‘ಬೇರೆಯವರು ಬೇಡ, ಕೈಗುಣದಮ್ಮನ್ನ ಕರೀರಿ’ ಅಂತ ಹಾಸಿಗೆ ಮೇಲಿಂದ ಕೂಗ್ತಾರೆ. ಇನ್ನೊಂದು ಇದೆ, ಅದು ನಿನ್ನಿಂದ ಬಂದದ್ದು. ನಾನು ಚಿಕ್ಕವಳಿದ್ದಾಗ ಕೆರೆ ಏರಿ ಮೇಲೆ ಬಿದ್ದು ಮೊಣಕಾಲು ತರಚಿಕೊಂಡು ಬಂದ್ರೆ ನೀನು ಸೆರಗಲ್ಲಿ ಒರೆಸಿ ಉಫ್ ಉಫ್ ಅಂತ ಊದ್ತಿದ್ದೆ, ನೋವು ಹೋಗೇ ಹೋಗ್ತಿತ್ತು. ನಾನೂ ಅಷ್ಟೇ, ಸ್ಪಿರಿಟ್ ಒರೆಸಿದ ಮೇಲೆ ಆ ಕೈಗೆ ಒಂದು ಸಲ ಊದಿ, ಬೆರಳಲ್ಲಿ ನರ ಸವರಿ, ಆಮೇಲೆ ಚುಚ್ಚೋದು. ಎಷ್ಟೋ ಜನ ಅದನ್ನ ಮಂತ್ರ ಅಂದ್ಕೊಂಡಿದ್ದಾರೆ. ಊದದೆ ಚುಚ್ಚೋಕೆ ಹೋದ್ರೆ ‘ಊದಲಿಲ್ವಲ್ಲ ಸಿಸ್ಟರ್’ ಅಂತ ಕೈ ಹಿಂದಕ್ಕೆ ಎಳ್ಕೊಳ್ತಾರೆ. ಕೊರೊನಾ ಕಾಲದಲ್ಲೂ ಮಾಸ್ಕ್ ಕೆಳಗೆ ಎಳೆದು ಊದಿದ್ದೀನಿ, ಬೈಬೇಡ.

ಏಪ್ರಿಲ್ ಕೊನೇ ಶನಿವಾರ ತೇಜಸ್ವಿನಿ ಎದ್ದು ನಿಂತು ಓದಿದಳು. ಒಂದೇ ಸಲಕ್ಕೆ ಸೂಜಿ ಹಾಕೋದರಲ್ಲಿ ಸರಳಾ ಸಿಸ್ಟರ್ ಮೊದಲು. ನಾನು ಸೆರಗು ಸರಿ ಮಾಡ್ಕೊಂಡೆ. ಆಮೇಲೆ ಕನ್ನಡಕ ಮೇಲೇರಿಸಿ ಅಂದಳು, ಸೂಜಿ ಹಾಕಿದ ಜಾಗ ಮೂರು ದಿನದೊಳಗೆ ಕೆಂಪಾಗಿ ಬಾತುಕೊಳ್ಳೋದರಲ್ಲೂ ಸರಳಾ ಸಿಸ್ಟರ್ ಮೊದಲು. ತೊಂಬತ್ತಾರು ಜನಕ್ಕೆ ಹಾಕಿದ್ದೆ, ಇಪ್ಪತ್ತೇಳು ಕೈ ಬಾತಿದ್ದವು. ಉಳಿದ ಯಾರದ್ದೂ ನೂರಕ್ಕೆ ಒಂಬತ್ತು ದಾಟಿರಲಿಲ್ಲ. ಅಮ್ಮಾ, ನನ್ನ ಮೈಯೆಲ್ಲ ಉರಿದುಹೋಯ್ತು. ನಿನ್ನೆ ಮೊನ್ನೆ ಬಂದ ಹುಡುಗಿ ನನಗೆ ಹೇಳ್ತಾಳಾ ಅಂತ ಎದ್ದು ನಿಂತು ಜಗಳಕ್ಕೆ ಹೋದೆ. ಯಾರೋ ಹಾಕಿದ್ದನ್ನ ನನ್ನ ಹೆಸರಿಗೆ ಬರೆದಿದ್ದೀಯ, ನಾನು ಹಾಕಿದ ಕೈ ಬಾತಿದ್ದು ನನ್ನ ಕಣ್ಣಿಂದ ಒಂದು ದಿನಾನೂ ನೋಡಿಲ್ಲ ಅಂದೆ. ಆ ಹುಡುಗಿ ಜೋರು ಮಾಡಲಿಲ್ಲ. ‘ಹೌದು ಸಿಸ್ಟರ್, ನೀವು ನೋಡಿರಲ್ಲ. ಹಾಕೋದು ನೀವು, ತೆಗೆಯೋದು ಬೇರೆ ಶಿಫ್ಟಿನವರು’ ಅಂದಳು ಅಷ್ಟೇ. ಆದ್ರೂ ಸೋಲೋಳಾ ನಾನು? ಮೇ ತಿಂಗಳು ನಾನೇ ನೋಡ್ತೀನಿ, ನಾನು ಹಾಕಿದ ಒಂದೊಂದು ಕೈಯನ್ನೂ ಮೂರನೇ ದಿನ ಖುದ್ದಾಗಿ ನೋಡಿ ನಿನ್ನ ಕಾಗದ ಸುಳ್ಳು ಅಂತ ತೋರಿಸ್ತೀನಿ ಅಂತ ಸವಾಲು ಹಾಕಿ ಬಂದೆ.

ಮೇ ತಿಂಗಳಲ್ಲಿ ಶ್ರೀನಿವಾಸಪುರ ಕಡೆಯಿಂದ ಕೋದಂಡರಾಮಪ್ಪ ಅಂತ ಒಬ್ಬರು ಬಂದು ಸೇರಿದ್ರು. ಮಾವಿನ ತೋಟದವರು, ಕಾಯಿ ಕೀಳೋ ಸಮಯದಲ್ಲಿ ಎದೇಲಿ ಕಫ ಕಟ್ಟಿ ಜ್ವರ. ಸೋಮವಾರ ನಾನೇ ಸೂಜಿ ಹಾಕಿದೆ. ಊದಿಸ್ಕೊಂಡು ‘ಗೊತ್ತೇ ಆಗಲಿಲ್ಲಮ್ಮ, ಎಂಥಾ ಕೈ ನಿಂದು’ ಅಂದ್ರು. ಬುಧವಾರ ನನಗೆ ರಜಾ. ಆದ್ರೂ ಬಸ್ ಹತ್ತಿ ಹೋದೆ, ಹಟಕ್ಕೆ. ಹೋಗಿ ನೋಡಿದ್ರೆ ಆ ಮನುಷ್ಯ ಬಿಸಿಲಲ್ಲೂ ಟವೆಲು ಹೊದ್ದು ಕೈ ಮುಚ್ಚಿಕೊಂಡು ಕೂತಿದ್ದಾರೆ. ತೋರಿಸಿ ಅಂದ್ರೆ ತೋರಿಸೊಲ್ಲ. ನಾನೇ ಟವೆಲು ಸರಿಸಿದೆ. ಮುಂಗೈ ಬಾತು ಮಿಂಚುತಿತ್ತು, ಅಲ್ಲಿಂದ ಮೊಣಕೈವರೆಗೂ ನರದ ದಾರೀಲಿ ಕೆಂಪು ಗೆರೆ. ಸೂಜಿಯನ್ನ ಬೆಳಿಗ್ಗೆ ಬೇರೆ ಸಿಸ್ಟರ್ ತೆಗೆದಿದ್ದಳು. ‘ಯಾಕೆ ಹೇಳಲಿಲ್ಲ ಯಜಮಾನರೇ’ ಅಂದ್ರೆ ಅವರು ತಲೆ ತಗ್ಗಿಸಿ, ‘ಹೋದ ಸಲ ಬಂದಾಗಲೂ ಹಿಂಗೇ ಆಗಿತ್ತು ತಾಯಿ. ಇಷ್ಟು ಪ್ರೀತಿಯಿಂದ ಹಾಕ್ತೀಯ, ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ’ ಅಂದ್ರು. ನನಗೆ ಅಲ್ಲೇ ಅಳು ಬಂತಮ್ಮ. ಔಷಧಿ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತೆ. ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಎಷ್ಟು ಜನ ನನ್ನ ಮೇಲಿನ ಪ್ರೀತಿಗೆ ಕೈ ಮುಚ್ಚಿಕೊಂಡು ಮನೆಗೆ ಹೋದ್ರೋ ಏನೋ.

ತೇಜಸ್ವಿನಿಯನ್ನ ನಾನೇ ಹುಡುಕಿಕೊಂಡು ಹೋದೆ. ನಾನು ಎಲ್ಲಿ ತಪ್ಪುತೀನಿ ಅಂತ ನನ್ನ ಪಕ್ಕ ನಿಂತು ನೋಡು ಮಾರಾಯ್ತಿ ಅಂದೆ. ಅವಳು ಇಪ್ಪತ್ತು ಸಲ ನೋಡಿದಳು. ಇಪ್ಪತ್ತರಲ್ಲಿ ಹದಿನೇಳು ಸಲ ಊದಿದ್ದೀನಿ, ಊದಿ ಬೆರಳಲ್ಲಿ ಸವರಿದ್ದೀನಿ. ಸ್ಪಿರಿಟ್ ಒರೆಸಿ ಶುದ್ಧ ಮಾಡಿದ ಜಾಗಕ್ಕೆ ಬಾಯಿಂದ ಊದಿದ್ರೆ ಬಾಯಲ್ಲಿರೋ ಕ್ರಿಮಿಯೆಲ್ಲ ಅಲ್ಲಿಗೇ ಹೋಗುತ್ತೆ, ಸೂಜಿ ಅದನ್ನ ಒಳಗೆ ತಗೊಂಡು ಹೋಗುತ್ತೆ. ನರ್ಸಿಂಗ್ ಓದುವಾಗ ಇದನ್ನ ನಾನೂ ಬರೆದು ಪಾಸಾಗಿದ್ದೀನಿ. ಮರೆತದ್ದಲ್ಲಮ್ಮ. ನಾನು ಊದೋದು ನನಗೇ ಕಾಣ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಿನ್ನ ಅಳಿಯನಿಗೆ ಹೇಳಿದ್ರೆ, ‘ನನ್ನ ಹುಳು ಮನೇಲಿ ನೀನು ಕೆಮ್ಮಿದ್ರೂ ನಾನು ಆಚೆ ಕಳಿಸ್ತೀನಿ, ಹುಳಕ್ಕಿರೋ ಮರ್ಯಾದೆ ಮನುಷ್ಯರಿಗೆ ಬೇಡವೇನೇ’ ಅಂದ್ರು. ಬೇರೆ ದಿನ ಆಗಿದ್ರೆ ತಟ್ಟೆ ಎತ್ತಿ ಹೋಗ್ತಿದ್ದೆ. ಅವತ್ತು ಸುಮ್ಮನೆ ಕೂತು ಉಂಡೆ.

ಬಿಡೋದು ಸುಲಭ ಆಗಲಿಲ್ಲ. ತುಟಿ ತಾನಾಗೇ ಮುಂದೆ ಬರುತ್ತೆ. ಸ್ಪಿರಿಟ್ ತಾನಾಗೇ ಆರೋಕೆ ಅರ್ಧ ನಿಮಿಷ ಬೇಕು, ಆ ಅರ್ಧ ನಿಮಿಷ ಸುಮ್ಮನೆ ನಿಲ್ಲೋದು ನನ್ನಂಥೋಳಿಗೆ ಎಂಥಾ ಶಿಕ್ಷೆ ಅಂತ ನಿನಗೆ ಗೊತ್ತು. ಅದಕ್ಕೆ ಈಗ ಮಾತಾಡಿಸ್ತೀನಿ. ಯಾವ ಊರು, ಹಸು ಎಷ್ಟು, ಕೆರೇಲಿ ನೀರಿದೆಯಾ, ಮಗಳನ್ನ ಎಲ್ಲಿಗೆ ಕೊಟ್ಟಿದ್ದೀರಿ. ಅಷ್ಟು ಹೊತ್ತಿಗೆ ಜಾಗ ಆರಿರುತ್ತೆ. ಮತ್ತೆ ಮುಟ್ಟಲ್ಲ. ಹೊತ್ತಿಗೆ ಸರಿಯಾಗಿ ಸೂಜಿ ತೆಗೀಲಿ ಅಂತ ಪ್ಲಾಸ್ಟರ್ ಮೇಲೆ ಹಾಕಿದ ತಾರೀಖು ಬರೀತೀನಿ. ಮೊದಮೊದಲು ‘ಸಿಸ್ಟರಿಗೆ ಮೊದಲಿನ ಪ್ರೀತಿ ಇಲ್ಲ’ ಅಂತ ಮುಖ ಊದಿಸ್ಕೊಂಡರು, ಈಗ ಅವರೇ ಮನೆ ಕಥೆಯೆಲ್ಲ ಹೇಳೋಕೆ ಶುರು ಮಾಡ್ತಾರೆ. ಆಗಸ್ಟ್ ತಿಂಗಳದ್ದು ಓದಿದ್ರು. ಎಂಬತ್ತೆಂಟು ಜನಕ್ಕೆ ಹಾಕಿದ್ದೀನಿ, ಐದು ಕೈ ಬಾತಿವೆ. ಆ ಐದೂ ಜನರನ್ನ ನಾನೇ ಹೋಗಿ ನೋಡಿದೆ. ತೇಜಸ್ವಿನಿ ನನ್ನ ಕೈ ಕುಲುಕಿದಳು. ಅವಳಿಗೆ ನಾನು ಕಡಲೆಬೀಜದ ಚಟ್ನಿಪುಡಿ ಮಾಡಿ ಕೊಟ್ಟೆ. ಈಗ ಅವಳನ್ನ ಜನಗಣತಿಯವಳು ಅಂತ ಯಾರಾದ್ರೂ ಅಂದ್ರೆ ನಾನು ಸುಮ್ಮನಿರಲ್ಲ.

ನಿನ್ನ ಆಪರೇಷನ್ ದಸರಾ ಕಳೆದ ಮೇಲೆ ಅಕ್ಟೋಬರ್ ಆರು, ಸೋಮವಾರ. ಪಿತೃಪಕ್ಷ ಮುಗಿದಿರುತ್ತೆ, ನಿನ್ನ ತಕರಾರು ಬೇಡ. ಭಾನುವಾರವೇ ಕರ್ಕೊಂಡು ಬಾ ಅಂತ ಆಂಜಿಗೆ ಹೇಳಿದ್ದೀನಿ. ಸೂಜಿ ಅಂದ್ರೆ ಸರಳನ ಕೈಯಲ್ಲೇ, ಬೇರೆ ಯಾರೂ ಮುಟ್ಟಕೂಡದು ಅಂತ ನೀನು ಹಟ ಹಿಡಿದಿದ್ದೀಯಂತೆ. ಬೆರಳು ಮಡಚದ ಕೈ ಇಟ್ಕೊಂಡು ಇನ್ನೂ ನನ್ನ ಕೈಯನ್ನೇ ನಂಬ್ತೀಯಲ್ಲಮ್ಮ, ನಿನಗೆ ಏನು ಹೇಳಲಿ? ಅದಕ್ಕೆ ಉತ್ತರ ಕೊನೇಲಿ ಬರೀತೀನಿ.

ಆಂಜಿಗೆ ನನ್ನ ಆಶೀರ್ವಾದ, ಬೈಕಲ್ಲಿ ನಿಧಾನಕ್ಕೆ ಹೋಗೋಕೆ ಹೇಳು. ನಿನ್ನ ಪಾದ ಮುಟ್ಟಿ, ನಿನ್ನ ಕೆನ್ನೆ ಹಿಂಡಿ, ಎರಡೂ ಒಟ್ಟಿಗೆ ಮಾಡಿ ಕಾಗದ ಮುಗಿಸ್ತೀನಿ.

ನಿನ್ನ ಬಾಯಿಬಡುಕಿ ಮಗಳು,
ಸರಳಾ

ಮರೆತಿದ್ದಲ್ಲ, ಬರೆಯೋ ಧೈರ್ಯ ಈಗ ಬಂತು: ಶ್ರೀವಾಣಿ, ಇಲ್ಲಿವರೆಗೂ ಓದಿದವಳು ನೀನೇ ಅಂತ ನನಗೆ ಗೊತ್ತು. ಮುಂದೆ ಓದೋಕೆ ಮುಂಚೆ ಎದುರು ಮನೆ ಅಶ್ವತ್ಥಮ್ಮನ್ನ ಕರಿ. ಬೈದದ್ದು ಅವಳ ಮುಂದೆ, ಇದೂ ಅವಳ ಮುಂದೇನೇ ಆಗಬೇಕು. ಬಂದಳಾ? ಈಗ ಜೋರಾಗಿ ಓದು. ಅಮ್ಮನ ಕೈ ಕೆಡಿಸಿದ್ದು ನಿನ್ನ ಹರಳೆಲೆ ಅಲ್ಲ ಕಣೇ. ಅವತ್ತು ಅಮ್ಮನ ಕೈಗೂ ನಾನು ಸ್ಪಿರಿಟ್ ಒರೆಸಿ ಬಾಯಿಂದ ಊದಿದ್ದೆ, ಬೆರಳಲ್ಲಿ ಸವರಿದ್ದೆ, ಸೂಜಿ ಮೂರು ದಿನ ಒಳಗೇ ಬಿಟ್ಟಿದ್ದೆ. ಕೋದಂಡರಾಮಪ್ಪನವರ ಟವೆಲು ಸರಿಸಿದಾಗ ನಾನು ನೋಡಿದ್ದು ಅಮ್ಮನ ಕೈಯನ್ನೇ. ಎಲೆ ಕಟ್ಟೋಕೆ ಮುಂಚೇನೇ ಬಾತಿತ್ತು ಅಂತ ನೀನು ಹೇಳಿದ್ದು ನಿಜ. ತಪ್ಪು ನಂದು. ಮೇ ತಿಂಗಳಿಂದ ಗೊತ್ತಿದ್ದೂ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ, ಅದು ಎರಡನೇ ತಪ್ಪು. ಕ್ಷಮಿಸು ಅಂತ ಕೇಳ್ತಿದೀನಿ, ಅಶ್ವತ್ಥಮ್ಮ ಸಾಕ್ಷಿ. ಕಾಗದದ ಜೊತೆ ನಮ್ಮ ಆಡಿಟ್ ಹಾಳೆ ಒಂದು ಇಟ್ಟಿದ್ದೀನಿ, ಸೂಜಿ ಹಾಕೋವಾಗ ಏನೇನು ಮಾಡಬೇಕು ಅಂತ ಅದರಲ್ಲಿ ಸಾಲಾಗಿ ಇದೆ. ಆರನೇ ತಾರೀಖು ಅಮ್ಮನಿಗೆ ಸೂಜಿ ನಾನು ಹಾಕಬೇಕೋ ಬೇರೆಯವರು ಹಾಕಬೇಕೋ ಅನ್ನೋದನ್ನ ನೀನು ಹೇಳು, ಅಮ್ಮ ಅಲ್ಲ. ನಾನೇ ಅಂತಾದ್ರೆ ನೀನು ನನ್ನ ಪಕ್ಕ ನಿಂತು ಹಾಳೆಯಲ್ಲಿ ಒಂದೊಂದಕ್ಕೂ ಗುರುತು ಹಾಕಬೇಕು, ತುಟಿ ಮುಂದೆ ಮಾಡಿದ್ರೆ ಕೆನ್ನೆಗೆ ಒಂದು ಕೊಡು. ನೋಡಿದವರ ಹೆಸರು ಅನ್ನೋ ಕಡೆ ಶ್ರೀವಾಣಿ ಅಂತ ನಾನೇ ಬರೆದಾಗಿದೆ. ಮೂರನೇ ದಿನ ಕೈ ಹೇಗಿದೆ ಅನ್ನೋ ಸಾಲು ಖಾಲಿ ಬಿಟ್ಟಿದ್ದೀನಿ. ಅದನ್ನ ನೀನು ತುಂಬು.